ಅತ್ತೆಯ ಕರಡಿಗೆ ಅಲ್ಲಾಡಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕರಡಿಗೆ ಅಲ್ಲಾಡಿದ್ದು ನಿಜ. ನಾನೇ ಕಣ್ಣಾರೆ ನೋಡಿದ್ದೇನೆ. ಅತ್ತೆ ಮಂಚದ ಮೇಲೆ ಅಂಗಾತ ಮಲಗಿದ್ದಾಗ, ಬಲಗಡೆ ಕೊರಳೆಲುಬಿನ ಕೆಳಗಿನ ಕುಳಿಯಲ್ಲಿ ಕೂತಿದ್ದ ಬೆಳ್ಳಿಯ ಪುಟ್ಟ ಡಬ್ಬಿ, ಒಳಗೆ ಅವಳ ಲಿಂಗವಿದ್ದದ್ದು, ಯಾರೂ ಮುಟ್ಟದೆ ಏಳುತ್ತಿತ್ತು, ಕೂರುತ್ತಿತ್ತು. ಗಡಿಯಾರಕ್ಕಿಂತ ಸ್ವಲ್ಪ ಜೋರಾಗಿ. ಹಾಗಾಗಿ ಅದು ಅಲ್ಲಾಡಿತೋ ಇಲ್ಲವೋ ಎಂಬುದು ವಾದವೇ ಅಲ್ಲ. ಯಾಕೆ ಅಲ್ಲಾಡಿತು ಎನ್ನುವುದರ ಮೇಲೆ ನನಗೂ ಉಳಿದ ಇಡೀ ಬಳಗಕ್ಕೂ ಜಗಳವಾಯಿತು. ಆ ಜಗಳದಲ್ಲಿ ನಾನು ಮೊದಲು ಸೋತೆ.

ಅತ್ತೆ ನನ್ನ ಅಪ್ಪನ ಅಕ್ಕ. ಅಪ್ಪ ಅಮ್ಮ ನಂಜನಗೂಡಿನಲ್ಲಿದ್ದರು. ಓದಿಗೆಂದು ಐದನೇ ತರಗತಿಯಿಂದಲೇ ನಾನು ನಗರದಂಚಿನ ಬೋಗಾದಿಯಲ್ಲಿ ಅತ್ತೆಯ ಮನೆ ಸೇರಿದ್ದೆ. ಮನೆಯ ಮುಂಭಾಗವೇ ಅವಳ ಹಿಟ್ಟಿನ ಗಿರಣಿ. ಮಾವ ಸತ್ತಾಗ "ಇದು ಗಂಡಸರ ಕೆಲಸ, ಮಾರಿಬುಡು" ಎಂದವರಿಗೆಲ್ಲ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಸ್ವಿಚ್ ಹಾಕಿದ್ದು ಗಂಡ್ಸಾ ಹೆಂಗ್ಸಾ ಅಂತ ಕಲ್ಲಿಗೆ ಗೊತ್ತಾಗುತ್ತಾ?" ಊರಿನವರ ರಾಗಿ, ಹೊಸ ಬಡಾವಣೆಯವರ ಗೋಧಿ, ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರ ಜೋಳ, ಎಲ್ಲವೂ ಅವಳ ಬಲಗೈಯಿಂದಲೇ ಮೇಲಿನ ಬಾಯಿಗೆ ಬೀಳುತ್ತಿತ್ತು. ಹದಿನೈದು ಕೆ.ಜಿ.ಯ ತಗಡಿನ ಡಬ್ಬವನ್ನು ಒಂದೇ ಕೈಯಲ್ಲಿ ತಲೆಯೆತ್ತರಕ್ಕೆ ಎತ್ತುತ್ತಿದ್ದಳು. ಕಾಲೇಜಿನ ವೇದಿಕೆಯಲ್ಲಿ ಮೈಕ್ ಇಲ್ಲದೆ ವಾದ ಮಾಡಬಲ್ಲೆ ಎಂದು ನನ್ನನ್ನು ಎಲ್ಲರೂ ಹೊಗಳುತ್ತಿದ್ದರು. ಗಿರಣಿ ಓಡುವಾಗ ಅತ್ತೆಯೊಂದಿಗೆ ಜಗಳವಾಡಿ ಬೆಳೆದವರಿಗೆ ಮೈಕ್ ಯಾಕೆ ಬೇಕು?

ಜಗಳಕ್ಕೆ ನಮಗೆ ವಿಷಯದ ಕೊರತೆಯೂ ಇರಲಿಲ್ಲ. ಹದಿನೇಳನೇ ವಯಸ್ಸಿಗೆ ನಾನು ಕೊರಳಿನ ಲಿಂಗವನ್ನು ತೆಗೆದಿಟ್ಟೆ. ನಂಬದೇ ಇದ್ದದ್ದನ್ನು ಕಟ್ಟಿಕೊಳ್ಳುವುದು ಅದಕ್ಕೂ ಅವಮಾನ, ನನಗೂ ಅವಮಾನ ಎಂದು ಭಾಷಣ ಬಿಗಿದೆ. ಅತ್ತೆ ಬೈಯಲಿಲ್ಲ. ನನ್ನ ಕರಡಿಗೆಯನ್ನು ಎತ್ತಿಕೊಂಡು ಹೋಗಿ ತನ್ನ ಪೂಜೆಯ ತಟ್ಟೆಯಲ್ಲಿಟ್ಟಳು. "ನೀನು ಬಿಟ್ಟೆ ಅಂತ ಅದನ್ನ ಬೀದೀಗೆ ಬಿಡಕ್ಕಾಯ್ತದೇನೇ ಲಾಯರಮ್ಮ?" ಎಂದು ಅಂದಿನಿಂದ ಪ್ರತಿದಿನ ಎರಡಕ್ಕೂ ವಿಭೂತಿ ಹಚ್ಚತೊಡಗಿದಳು. ನಾನು ಓದುತ್ತಿದ್ದದ್ದು ಬಿ.ಎ.; ಲಾಯರಮ್ಮ ಎಂಬುದು ಪದವಿಯಲ್ಲ, ಬೈಗುಳ.

ನಾನು ಎರಡನೇ ವರ್ಷದಲ್ಲಿದ್ದಾಗ, ಒಂದು ಬೇಸಿಗೆಯಲ್ಲಿ, ಅತ್ತೆಗೆ ವಾಂತಿಭೇದಿ ಹಿಡಿಯಿತು. ಎರಡೇ ದಿನಕ್ಕೆ ಕಣ್ಣು ಗುಳಿಬಿದ್ದು, ಕರೆದರೆ ಓಗೊಡದ ಸ್ಥಿತಿ. ಆಟೋದಲ್ಲಿ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆ. ಕೈಯಲ್ಲಿ ಒಂದು ನರವೂ ಸಿಗಲಿಲ್ಲ, ಎಲ್ಲ ಬತ್ತಿಹೋಗಿದ್ದವು. ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದಾದ ಡ್ಯೂಟಿ ಡಾಕ್ಟರು, ಎದೆಯೊಳಗಿನ ದೊಡ್ಡ ರಕ್ತನಾಳಕ್ಕೇ ನಳಿಕೆ ಹಾಕಿ ನೀರೇರಿಸಬೇಕು ಎಂದ. ಕೊರಳೆಲುಬಿನ ಕೆಳಗೆ ಬಲಗಡೆ ಸೂಜಿ ಚುಚ್ಚಿದ. ಪರದೆಯ ಈಚೆ ನಿಂತಿದ್ದ ನನಗೆ "ಛೆ, ಒತ್ತಿ ಹಿಡೀರಿ ಸಿಸ್ಟರ್, ಗಟ್ಟಿಯಾಗಿ" ಎಂಬುದು ಕೇಳಿಸಿತು. ಆಮೇಲೆ ಎಡಗಡೆಯಿಂದ ನಳಿಕೆ ಹೋಯಿತು, ನೀರು ಹೋಯಿತು, ಬೆಳಗಾಗುವುದರೊಳಗೆ ಅತ್ತೆ ಬದುಕಿದಳು. ಆ ನಳಿಕೆ ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ. ಇದನ್ನು ಮರೆತು ಮುಂದಿನದನ್ನು ಹೇಳುವುದು ಅಪ್ರಾಮಾಣಿಕತೆ.

ಅಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆಯಿತು. ಅತ್ತೆ ವಾಂತಿಗೆ ಬಗ್ಗಿದಾಗಲೆಲ್ಲ ಎದೆಯ ಮೇಲಿನ ಕರಡಿಗೆ ಬೇಸಿನ್ನಿನೊಳಕ್ಕೆ ಜೋತಾಡುತ್ತಿತ್ತು. ಸಿಸ್ಟರ್ ಪಾಪ, ಗೌರವದಿಂದಲೇ, ದಾರಕ್ಕೆ ಒಂದು ಗಂಟು ಹಾಕಿ ಮೇಲಕ್ಕೆ ಎಳೆದು ಬಲಗಡೆಯ ಕುಳಿಯಲ್ಲಿ ಕೂರಿಸಿದರು. ಮನೆಗೆ ಬಂದ ಮೇಲೆ ನಾನು ಗಂಟು ಬಿಚ್ಚಹೋದರೆ ಅತ್ತೆ ಕೈ ತಡೆದಳು. "ಬೇಡ ಬುಡು. ನಾನು ಸಾವಿನ ಬಾಯಿಂದ ಈಚೆಗೆ ಬಂದಾಗ ಎಲ್ಲಿತ್ತೋ ಅಲ್ಲೇ ಇರ್ಲಿ."

ಹತ್ತು ದಿನ ಕಳೆದಿರಬೇಕು. ಹಿಂದಿನ ಬೀದಿಯ ಮುದುಕಿಯೊಬ್ಬರು ಅತ್ತೆಯನ್ನು ಮಾತಾಡಿಸಲು ಬಂದವರು, ಮಾತು ನಿಲ್ಲಿಸಿ ಕೊರಳನ್ನೇ ದಿಟ್ಟಿಸಿದರು. ಆಮೇಲೆ ಎದ್ದು ನಿಂತು ಕೈ ಮುಗಿದರು. "ಅಲ್ಲಾಡ್ತಾ ಅವ್ನೆ ಕಣವ್ವಾ! ನಿನ್ನ ಲಿಂಗಪ್ಪ ಉಸಿರಾಡ್ತಾ ಅವ್ನೆ!"

ಸಂಜೆಯೊಳಗೆ ಬೀದಿ, ಮಾರನೇ ದಿನ ಬಳಗ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಸ್ಕೂಟರಿನಲ್ಲಿ ಬಂದು ಉಸ್ತುವಾರಿ ವಹಿಸಿಕೊಂಡರು. ಚಪ್ಪಲಿ ಹೊರಗೆ, ಹೂವು ಈ ತಟ್ಟೆಗೆ, ಗದ್ದಲ ಬೇಡ, ಒಬ್ಬೊಬ್ಬರಾಗಿ ಬನ್ನಿ. ಅತ್ತೆ ಸಂಕೋಚದಿಂದ ಹಿಡಿಯಾಗಿ ಮಲಗಿದ್ದಳು. ಆದರೆ ಮುಖದ ಮೇಲೊಂದು ಬೆಳಕೂ ಇತ್ತು, ಅದನ್ನು ಇಲ್ಲವೆನ್ನಲಾರೆ. ಮಕ್ಕಳಿಲ್ಲ, ಗಂಡನಿಲ್ಲ, ಹಿಟ್ಟಿನ ಧೂಳು ಕುಡಿದದ್ದೇ ಬದುಕು ಎಂದು ಎಲ್ಲರೂ ಅಯ್ಯೋ ಅನ್ನುತ್ತಿದ್ದ ಹೆಂಗಸಿಗೆ ಈಗ ಎಲ್ಲರೂ ಕೈ ಮುಗಿಯುತ್ತಿದ್ದರು.

ನಾನು ನೋಡುತ್ತಿದ್ದದ್ದು ಬೇರೆ. ಡಬ್ಬಿಯ ಕೆಳಗಿನ ಕುಳಿ ಈಗ ಕುಳಿಯಾಗಿರಲಿಲ್ಲ, ನಿಂಬೆಹಣ್ಣಿನಷ್ಟು ಉಬ್ಬಿತ್ತು. ಅತ್ತೆ ಬಲಗೈ ಬೆರಳುಗಳನ್ನು ಮತ್ತೆ ಮತ್ತೆ ಕೊಡವುತ್ತಿದ್ದಳು. ಜೋಮು ಅಂದಳು. ಅರ್ಧ ಡಬ್ಬ ರಾಗಿ ಕೈಜಾರಿ ನೆಲಕ್ಕೆ ಬಿತ್ತು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಒಂದು ಹಿಡಿ ಬಿದ್ದದ್ದನ್ನು ನಾನು ಕಂಡಿಲ್ಲ, ಯಾರೂ ಕಂಡಿಲ್ಲ.

"ಜೋಮು ಹಿಡೀದೆ ಇನ್ನೇನು? ಶಿವನೇ ಆ ಕೈ ಹಿಡ್ಕೊಂಡವನೆ" ಎಂದರು ದೊಡ್ಡಪ್ಪ.

ಎದುರಾಳಿ ಕಂಡದ್ದನ್ನು ಮೊದಲು ಒಪ್ಪಿಕೊ, ಆಮೇಲೆ ಬೇರೆ ಕಾರಣ ಕೊಡು ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ನಮಗೆ ಕಲಿಸಿದ್ದರು. ಆ ಪಾಠದಿಂದ ಬಹುಮಾನದ ಕಪ್ಪು ಎಷ್ಟೋ ತಂದಿದ್ದೆ. ಬೇಕಾದ ಹೊತ್ತಿನಲ್ಲಿ ಅದೇ ಮರೆತುಹೋಯಿತು. "ಸುಳ್ಳು! ಇದೆಲ್ಲ ಬರೀ ಸುಳ್ಳು! ಆಸ್ಪತ್ರೆಗೆ ಕರ್ಕೊಂಡು ಹೋಗಿ!" ಎಂದು ತುಂಬಿದ ಮನೆಯಲ್ಲಿ ಕಿರುಚಿದೆ.

ಎಲ್ಲರೂ ನನ್ನ ಖಾಲಿ ಕೊರಳನ್ನು ನೋಡಿದರು. ಅಷ್ಟೇ, ನನ್ನ ವಾದ ಮುಗಿಯಿತು.

ಅಂದು ಜನ ಚದುರಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಅತ್ತೆಯ ಮಂಚದ ತುದಿಯಲ್ಲಿ ಕೂತು ಬೇರೆ ದಾರಿ ಹಿಡಿದೆ. "ಅತ್ತೆ, ಅಲ್ಲಾಡ್ತಿರೋದು ನಿಜ. ಅದನ್ನ ಒಂಚೂರು ಎಡಗಡೆಗೆ ಇಡು. ಲಿಂಗವೇ ಅಲ್ಲಾಡ್ತಿದ್ರೆ ಅಲ್ಲೂ ಅಲ್ಲಾಡಬೇಕು."

"ದೇವ್ರಿಗೆ ಪರೀಕ್ಷೆ ಕೊಡಕ್ಕೆ ನೀನ್ಯಾವ ಮೇಡಮ್ಮು?"

"ಸರಿ, ನಿನ್ನದು ಬೇಡ." ಪೂಜೆಯ ತಟ್ಟೆಯಿಂದ ನನ್ನ ಕರಡಿಗೆಯನ್ನು ತಂದೆ. ಅವಳದನ್ನು ಅವಳೇ ಅಂಗೈಯಲ್ಲಿ ಹಿಡಿದುಕೊಂಡಳು. ನನ್ನದನ್ನು ಆ ಉಬ್ಬಿನ ಮೇಲಿಟ್ಟೆ. ಅದೂ ಎದ್ದಿತು, ಕೂತಿತು, ಎದ್ದಿತು. ಗೆದ್ದೆ ಎಂದುಕೊಂಡೆ. "ನೋಡು! ನಾಸ್ತಿಕಳ ಲಿಂಗಾನೂ ಅಲ್ಲಾಡ್ತಿದೆ! ಎರಡು ವರ್ಷದಿಂದ ನಾನು ಅದಕ್ಕೆ ಒಂದು ಹೂವೂ ಇಟ್ಟಿಲ್ಲ."

"ನೀನಿಟ್ಟಿಲ್ಲ. ನಾನಿಟ್ಟಿದ್ದೀನಲ್ಲ" ಎಂದಳು ಅತ್ತೆ ತಣ್ಣಗೆ.

ನಾನು ಎದುರಿಸಿದ ಯಾವ ಎದುರಾಳಿಯೂ ಇಷ್ಟು ಚೊಕ್ಕವಾಗಿ ನನ್ನನ್ನು ಕೆಡವಿರಲಿಲ್ಲ. ಮುಖ ಊದಿಸಿಕೊಂಡು ಒಲೆಯ ಹತ್ತಿರ ಹೋದೆ. ಕಾಫಿಗೆ ನೀರಿಟ್ಟು ವಾಪಸು ಬರುವಾಗ ಅತ್ತೆ ಅಂಗಾತ ಮಲಗಿ, ಗಲ್ಲ ತಗ್ಗಿಸಿ ತನ್ನ ಎದೆಯ ಕಡೆ ನೋಡುತ್ತಿದ್ದಳು. ಅವಳ ಅಂಗೈಯಲ್ಲಿ ಲಿಂಗ. ಕೊರಳೆಲುಬಿನ ಕೆಳಗೆ, ಅವಳೇ ಇಟ್ಟುಕೊಂಡದ್ದು, ದೀಪ ಹಚ್ಚಿ ಬದಿಗಿಟ್ಟಿದ್ದ ಬೆಂಕಿಪೊಟ್ಟಣ. ಅದು ಕುಣಿಯುತ್ತಿತ್ತು. ಹಗುರವಾದ್ದರಿಂದ ಕರಡಿಗೆಗಿಂತ ಜೋರಾಗಿಯೇ ಕುಣಿಯುತ್ತಿತ್ತು.

ತುಂಬ ಹೊತ್ತು ಅದನ್ನೇ ನೋಡಿದಳು. "ಇದಕ್ಕೆ ಯಾರೂ ಪೂಜೆ ಮಾಡಿಲ್ಲ ಕಣೇ" ಎಂದಳು. ದನಿಯಲ್ಲಿ ಭಯ ಇತ್ತು. ನನಗೂ ಗೆದ್ದ ಸಂತೋಷವಾಗಲಿಲ್ಲ. "ಒಳಗೇನೋ ಕಿತ್ತೋಗದೆ. ಬೆಲ್ಟು ಸಡಿಲ ಆದಾಗ ಮೋಟ್ರು ಒದೆಯಲ್ವ, ಅಂಗೇ ಒದೀತಾ ಅದೆ. ನಾಳೆ ಹೋಗಾನ."

ನಾಳೆಯಾಗುವ ಮೊದಲು ನಾನು ಒಬ್ಬಳೇ ನರ್ಸಿಂಗ್ ಹೋಮಿಗೆ ಹೋದೆ. ಅವರು ಕೊಟ್ಟಿದ್ದ ಬಿಡುಗಡೆ ಚೀಟಿಯಲ್ಲಿ ಬಲಗಡೆ ಚುಚ್ಚಿದ್ದರ ಸುದ್ದಿಯೇ ಇರಲಿಲ್ಲ. ಡ್ಯೂಟಿ ಡಾಕ್ಟರು ಮೊದಲು "ಅದೆಲ್ಲ ಆಗ್ತಿರುತ್ತೆ ಕಣ್ರೀ" ಎಂದ. ಆಗುತ್ತಿರುತ್ತೆ ಎನ್ನುವುದಾದರೆ ಬರೆಯಲು ಏನು ಅಡ್ಡಿ ಎಂದು ಕೇಳಿದೆ. ಬೈಯಲು ಬಂದಿಲ್ಲ, ಜೀವ ಉಳಿಸಿದ್ದು ನೀವೇ ಎಂದು ಗೊತ್ತು, ಆದರೆ ಏನಾಯಿತೆಂದು ಬರೆದುಕೊಡದೆ ಈ ಕುರ್ಚಿಯಿಂದ ಏಳುವುದಿಲ್ಲ ಎಂದೆ. ಅರ್ಧ ಗಂಟೆ ಕೂತೆ. ಅವನು ಎರಡು ಸಲ ಹೊರಗೆ ಹೋಗಿ ಬಂದ. ಕೊನೆಗೆ ಲೆಟರ್‌ಹೆಡ್ಡಿನ ಮೇಲೆ ಬರೆದ: ಬಲಗಡೆ ಸೂಜಿ ಸಿರೆಯ ಬದಲು ಪಕ್ಕದ ಅಪಧಮನಿಗೆ ಹೋಗಿತ್ತು, ತೆಗೆದು ಒತ್ತಿ ಹಿಡಿಯಲಾಯಿತು. ಬರೆಯುವಾಗ ಅವನ ಕಿವಿಗಳು ಕೆಂಪಾಗಿದ್ದವು. "ಆ ನಾಳ ಮೂಳೆ ಹಿಂದೆ ಇರುತ್ತೆ. ಒತ್ತಿದ್ರೂ ಸರಿಯಾಗಿ ಒತ್ತಕ್ಕಾಗಲ್ಲ" ಎಂದ. ಆ ಕ್ಷಣ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಅರ್ಧ ಮಾತ್ರ.

ಮಾರನೇ ದಿನ ಆ ಕಾಗದ ಹಿಡಿದು ಅತ್ತೆ, ದೊಡ್ಡಪ್ಪ, ನಾನು ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ಸ್ಕ್ಯಾನ್ ಮಾಡಿದವರು ತೋರಿಸಿದರು: ನಾಳದ ಗೋಡೆಯಲ್ಲಿ ತೂತು, ಹೊರಗೆ ರಕ್ತದ ಚೀಲ, ಪ್ರತಿ ಬಡಿತಕ್ಕೂ ಒಳಗೆ ನುಗ್ಗುವ ರಕ್ತ. ಅದು ಒಡೆದರೆ ಜೀವ ಹೋಗಬಹುದು. ಒಡೆಯದಿದ್ದರೂ ಬೆಳೆದು ಕೈಯ ನರಗಳನ್ನು ಹಿಸುಕಿ ಕೈ ಹೋಗಬಹುದು. ವೈದ್ಯರು ಇದಕ್ಕೆ ಸುಳ್ಳು ಉಬ್ಬು ಅನ್ನುತ್ತಾರಂತೆ, ನಾಳವೇ ಉಬ್ಬಿದ್ದಲ್ಲ ಅನ್ನುವ ಕಾರಣಕ್ಕೆ.

"ಸುಳ್ಳಾದ್ರೆ ಯಾಕ್ ಸಾರ್ ಇಂಗೆ ನೋಯ್ತದೆ?" ಎಂದು ಅತ್ತೆ ಕೇಳಿದಳು.

ಸರ್ಜನ್ ಹೇಳಿದ್ದು: ಕೊರಳೆಲುಬು ಕತ್ತರಿಸಿ, ಎದೆಯ ಮೇಲ್ಭಾಗ ತೆರೆದು ಹೊಲಿಯಬೇಕು. ದೊಡ್ಡ ಕೆಲಸ. ದೊಡ್ಡಪ್ಪ ಅಲ್ಲೇ ಎದ್ದರು. "ನೋಡಿದ್ಯಾ, ಎದೆ ಸೀಳ್ತಾರಂತೆ. ಶಿವ ಮಾಡಿದ್ದನ್ನ ಶಿವನಿಗೇ ಬುಡಿ."

"ಇದನ್ನ ಶಿವ ಮಾಡಿಲ್ಲ ದೊಡ್ಡಪ್ಪ, ಸೂಜಿ ಮಾಡಿದ್ದು. ಸಹಿ ಸಮೇತ ಕಾಗದ ಇದೆ" ಎಂದೆ.

ಆಗ ಸರ್ಜನ್ನೇ ಪಕ್ಕದ ಕೋಣೆಯ ಹೃದಯದ ಡಾಕ್ಟರನ್ನು ಕರೆಸಿದರು. ಅವರದು ಹೃದಯದ ನಾಳಗಳಿಗೆ ಸ್ಟೆಂಟ್ ಹಾಕುವ ಕೆಲಸ. ತೊಡೆಸಂದಿಯಲ್ಲಿ ಒಂದು ಸಣ್ಣ ತೂತು, ಅಲ್ಲಿಂದ ತಂತಿಯೊಂದನ್ನು ನಾಳದ ಒಳಗೇ ಮೇಲಕ್ಕೆ ನಡೆಸಿ, ಬಟ್ಟೆಯಂಥ ಹೊದಿಕೆಯಿರುವ ಸ್ಟೆಂಟನ್ನು ತೂತಿರುವ ಜಾಗದಲ್ಲಿ ಅರಳಿಸುವುದು. ಎದೆ ಸೀಳುವುದಿಲ್ಲ, ಪೂರ್ತಿ ಮಂಪರೂ ಬೇಡ. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ನನಗೆ ತಕ್ಷಣ ಅನುಮಾನ ಬಂತು. ಪವಾಡವನ್ನು ನಂಬದವಳು, ಬಿಳಿ ಕೋಟಿನವರು ಹೇಳಿದರೆಂದು ಇನ್ನೊಂದು ಪವಾಡವನ್ನು ಯಾಕೆ ನಂಬಬೇಕು?

ಅದೇ ನಾಳದಿಂದ ಬೇರೆ ಕವಲು ಹೊರಡುವುದಿಲ್ಲವೇ ಎಂದು ಕೇಳಿದೆ. ಹೊರಡುತ್ತದೆ, ಒಂದು ಮೆದುಳಿಗೂ ಹೋಗುತ್ತದೆ, ಅದನ್ನು ಮುಚ್ಚದಂತೆ ಅಳತೆ ಹಿಡಿಯಬೇಕು ಎಂದರು. ಅಳತೆ ತಪ್ಪಿದರೆ? ಅಪಾಯ, ಅದಕ್ಕೇ ಸರ್ಜನ್ ಜೊತೆಯಲ್ಲೇ ಇರುತ್ತಾರೆ. ಕೊರಳೆಲುಬು ಅಲ್ಲಾಡಿದಾಗ ಸ್ಟೆಂಟ್ ನಜ್ಜುಗುಜ್ಜಾಗುವುದಿಲ್ಲವೇ? ಆಗಬಹುದು, ಆಗಿರುವುದೂ ಉಂಟು. ಹತ್ತು ವರ್ಷ ಬಾಳುತ್ತದೆಯೇ?

"ಗೊತ್ತಿಲ್ಲಮ್ಮ. ಈ ಜಾಗಕ್ಕೆ ಹಾಕಕ್ಕೆ ಶುರು ಮಾಡಿ ಅಷ್ಟು ದಿನ ಆಗಿಲ್ಲ."

ಆ "ಗೊತ್ತಿಲ್ಲ" ಕೇಳಿದ ಮೇಲೆ ನಾನು ಉತ್ತರಗಳನ್ನು ಬರೆದುಕೊಳ್ಳುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿದೆ. ಅದುವರೆಗೆ ಆ ವಿಷಯದಲ್ಲಿ ಗೊತ್ತಿಲ್ಲ ಎಂದ ಮೊದಲ ಮನುಷ್ಯ ಅವರು.

ಅತ್ತೆ ಮಾತ್ರ ಅವರು ಚೀಟಿಯ ಹಿಂದೆ ಬರೆದ ಚಿತ್ರವನ್ನೇ ನೋಡುತ್ತಿದ್ದಳು. "ಗಿರಣಿ ಮೂತಿಗೆ ನಾವು ಬಟ್ಟೆ ತೋಳು ಕಟ್ತೀವಲ್ಲ ಸಾರ್, ಹಿಟ್ಟು ಹಾರಬಾರ್ದು ಅಂತ. ಒಂದ್ಸಲ ಮೂತಿ ತಗಡೇ ತೂತು ಬಿದ್ದು ಹಿಟ್ಟು ಸೋರ್ತಿತ್ತು. ತಗಡು ಬಿಚ್ಚಕ್ಕೆ ಮೇಸ್ತ್ರಿ ಇರ್ಲಿಲ್ಲ. ನಾನು ಆ ತೋಳನ್ನೇ ಒಳಗೆ ತೂರಿಸ್ಬುಟ್ಟೆ. ಇವತ್ತಿಗೂ ಸೋರಲ್ಲ. ಇದೂ ಅಂಗೇನಾ?"

"ಹಾಗೇ ಕಣಮ್ಮ" ಎಂದರು ಡಾಕ್ಟರು. "ನಿಮ್ಮಷ್ಟು ಚೆನ್ನಾಗಿ ಹೇಳಕ್ಕೆ ನನಗೆ ಬರಲ್ಲ."

ಒಪ್ಪಿಗೆ ಪತ್ರಕ್ಕೆ ದೊಡ್ಡಪ್ಪ ಕೈ ಚಾಚಿದರು. ಅತ್ತೆ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. "ಕೈ ನಂದು." ಜೋಮು ಹಿಡಿದ ಬಲಗೈಯಿಂದಲೇ ಸೊಟ್ಟಗೆ ಸಹಿ ಹಾಕಿದಳು.

ಸ್ಟೆಂಟ್ ಬೆಂಗಳೂರಿನಿಂದ ಬರಲು ಎರಡು ದಿನವಾಯಿತು. ಅಷ್ಟರಲ್ಲಿ ಎಲ್ಲ ಇತ್ಯರ್ಥವಾಯಿತು ಎಂದುಕೊಂಡಿದ್ದೆ. ಸ್ಟೆಂಟ್ ಹಾಕುವ ಲ್ಯಾಬಿನ ಬಾಗಿಲಲ್ಲಿ ಇನ್ನೊಂದು ಜಗಳ ಕಾದಿತ್ತು. ಮೈಮೇಲೆ ಏನೂ ಇರಕೂಡದು ಎಂದರು ಅಲ್ಲಿನ ತಂತ್ರಜ್ಞ. ಲಿಂಗ ಮೈಬಿಟ್ಟರೆ ಪ್ರಾಣ ಬಿಟ್ಟಂತೆ ಎಂದಳು ಅತ್ತೆ. ಗಾಲಿಮಂಚದ ಮೇಲೆ ಎದ್ದು ಕೂತೇಬಿಟ್ಟಳು. ಅವಳು ಒಳಗೆ ಹೋಗದಿದ್ದರೆ ಅಷ್ಟು ದಿನದ ಹೋರಾಟ ಮಣ್ಣುಪಾಲು.

"ರೂಲ್ಸು ಅಂದ್ರೆ ರೂಲ್ಸು" ಎಂದರು ತಂತ್ರಜ್ಞ.

"ರೂಲ್ಸಿಗೆ ಕಾರಣ ಇರಬೇಕಲ್ಲ ಸಾರ್?" ಎಂದು ಶುರು ಮಾಡಿದೆ. ಬೆಳ್ಳಿ ಡಬ್ಬಿ ಎಕ್ಸ್‌ರೇಯಲ್ಲಿ ಅಡ್ಡ ಬರುತ್ತದೆ, ಒಪ್ಪಿದೆ, ಡಬ್ಬಿ ತೆಗೆಯುತ್ತೇವೆ. ಒಳಗಿನ ಲಿಂಗ ಹೆಬ್ಬೆರಳಷ್ಟು. ಅದನ್ನು ಬಟ್ಟೆಯಲ್ಲಿ ಸುತ್ತಿ ಎಡಗೈ ಮಣಿಕಟ್ಟಿಗೆ ಕಟ್ಟುತ್ತೇವೆ. ನೀವು ಚುಚ್ಚುವುದು ತೊಡೆಯಲ್ಲಿ, ನೋಡುವುದು ಬಲ ಹೆಗಲಲ್ಲಿ. ಎಡಗೈ ಹಸಿರು ಬಟ್ಟೆಯ ಕೆಳಗಿರುತ್ತದೆ. ಯಾವುದಕ್ಕೆ ಅಡ್ಡಿ ಹೇಳಿ.

ದೊಡ್ಡಪ್ಪನ ಬಾಯಿ ತೆರೆದೇ ಇತ್ತು. "ಅಲ್ಲಮ್ಮ, ಈಗ ನೀನು ಯಾರ ಕಡೆ?"

"ಅತ್ತೆ ಕಡೆ. ಮೊದಲಿಂದಲೂ."

ಗದ್ದಲ ಕೇಳಿ ಹೊರಬಂದ ಡಾಕ್ಟರು "ಎಡಗೈ ತಾನೆ? ಕಟ್ರಿ" ಎಂದು ಒಳಗೆ ಹೋದರು. ಕಟ್ಟಿದೆ. ಎರಡು ವರ್ಷದ ಮೇಲೆ ಲಿಂಗ ಮುಟ್ಟಿದ ನನ್ನ ಬೆರಳನ್ನು ಅತ್ತೆ ನೋಡುತ್ತಿದ್ದಳು. ಸಮಯ ಸಾಧಿಸಿದಳು ಕಿಲಾಡಿ. "ನಾನು ಒಳಗಿರೋಗಂಟ ನೀನೂ ನಿಂದನ್ನ ಕಟ್ಕೊಂಡು ಕೂತ್ಕೋ. ಚೀಲದಲ್ಲಿ ತಂದಿದ್ದೀನಿ."

ಏನು ಕಷ್ಟ? ಎರಡು ಗಂಟೆ ಕಟ್ಟಿಕೊಂಡರೆ ಆಯಿತು. ಸ್ಪರ್ಧೆಯಲ್ಲಿ ಚೀಟಿ ಎತ್ತಿ ಬಂದ ಪಕ್ಷವನ್ನು ಸಮರ್ಥಿಸಿ ಕಪ್ಪು ಗೆದ್ದವಳು ನಾನು. ಆದರೆ ಬಾಯಿಂದ ಬಂದದ್ದು "ಇಲ್ಲ ಅತ್ತೆ."

"ಸುಳ್ಳಿಗಾದ್ರೂ?"

"ಸುಳ್ಳಿಗೂ ಇಲ್ಲ."

ದೊಡ್ಡಪ್ಪ ಹಲ್ಲು ಕಡಿದದ್ದು ಕೇಳಿಸಿತು. ಅತ್ತೆ ನನ್ನ ಮುಖವನ್ನು, ಹಿಟ್ಟಿನ ನುಣುಪು ನೋಡುವವಳ ಹಾಗೆ, ಒಂದು ಗಳಿಗೆ ನೋಡಿದಳು. ಆಮೇಲೆ ಮಲಗಿದಳು. "ಸರಿ ಬುಡು. ನನ್ನ ಸಮಾಧಾನಕ್ಕೂ ಸುಳ್ಳು ಏಳ್ದೇ ಇರೋಳು, ಇಲ್ಲಿಗೆ ಕರ್ಕೊಂಡು ಬರಕ್ಕೂ ಸುಳ್ಳು ಏಳಿರಲ್ಲ. ತಳ್ರಪ್ಪ ಒಳಕ್ಕೆ."

ಹೊರಗಿನ ಬೆಂಚಿನ ಮೇಲೆ ಖಾಲಿ ಬೆಳ್ಳಿ ಡಬ್ಬಿ ಹಿಡಿದು ಕೂತೆ. ಪ್ರಾರ್ಥನೆ ಮಾಡಲಿಲ್ಲ. ಮಾಡಿದೆ ಎಂದು ದೊಡ್ಡಪ್ಪ ಇವತ್ತಿಗೂ ಹೇಳುತ್ತಾರೆ, ತುಟಿ ಅಲ್ಲಾಡುತ್ತಿತ್ತಂತೆ. ತುಟಿ ಅಲ್ಲಾಡಿದ್ದು ನಿಜವಿರಬಹುದು. ನಾನು ಡಾಕ್ಟರನ್ನು ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಹೇಳಿಕೊಳ್ಳುತ್ತಿದ್ದೆ.

ಎರಡು ಗಂಟೆಯ ಮೇಲೆ ಡಾಕ್ಟರು ಕರೆದು ಪರದೆ ತೋರಿಸಿದರು. ಮೊದಲ ಚಿತ್ರದಲ್ಲಿ ಕಪ್ಪು ಬಣ್ಣ ನಾಳದಿಂದ ಹೊರಗೆ ಚಿಮ್ಮಿ ಚೀಲ ತುಂಬುತ್ತಿತ್ತು. ಎರಡನೆಯದರಲ್ಲಿ ನೆಟ್ಟಗೆ ತೋಳಿಗೆ ಹರಿಯಿತು. ಮೆದುಳಿನ ಕವಲು ತೆರೆದೇ ಇತ್ತು. "ಇನ್ನೊಂದ್ಸಲ ತೋರಿಸಿ" ಎಂದೆ. ತೋರಿಸಿದರು. ಮೂರನೇ ಸಲ ಕೇಳುವಷ್ಟರಲ್ಲಿ ಕಣ್ಣು ಮಂಜಾಗಿತ್ತು.

ಉಬ್ಬು ಒಂದೇ ದಿನದಲ್ಲಿ ಕರಗಲಿಲ್ಲ, ವಾರಗಳು ಹಿಡಿದವು. ಬೆರಳಿನ ಜೋಮು ಮಳೆಗಾಲದವರೆಗೂ ಪೂರ್ತಿ ಬಿಡಲಿಲ್ಲ. ಆದರೆ ಬಡಿತ ಅಂದೇ ನಿಂತಿತ್ತು. ದಾರದ ಗಂಟನ್ನು ಅತ್ತೆ ತಾನೇ ಬಿಚ್ಚಿದಳು. ಕರಡಿಗೆ ಎದೆಯ ಮೇಲಿನ ತನ್ನ ಹಳೆಯ ಜಾಗಕ್ಕೆ ಇಳಿಯಿತು.

ಗಿರಣಿ ಮತ್ತೆ ಶುರುವಾದ ವಾರ ಹಿಂದಿನ ಬೀದಿಯ ಮುದುಕಿ ದೂರದ ನೆಂಟರನ್ನು ಕರೆದುಕೊಂಡು ಬಂದರು, ಕೈಯಲ್ಲಿ ಬಿಲ್ವಪತ್ರೆ. ಅತ್ತೆಯ ಕೊರಳನ್ನು ಹುಡುಕಿ ಹುಡುಕಿ ನೋಡಿದರು. "ಈಗ ಅಲ್ಲಾಡಲ್ವೇನವ್ವ?"

"ಇಲ್ಲ ಕಣಜ್ಜಿ, ನಿಂತದೆ. ನಿಂತಿದ್ದಕ್ಕೇ ನಾನಿನ್ನೂ ಇವ್ನಿ" ಎಂದಳು ಅತ್ತೆ. "ಪತ್ರೆ ಕೊಡಿ, ಪೂಜೆಗಾಯ್ತದೆ. ಎರಡವೆ ನಮ್ಮನೇಲಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಅತ್ತೆ ಸ್ವಿಚ್ ಹಾಕಿದಳು. ಗಿರಣಿಯ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಅವಳು ರಾಗಿ ಡಬ್ಬದ ಕಡೆ ಬಗ್ಗಿದಳು. "ಎಡಗೈ! ಡಾಕ್ಟ್ರು ಹೇಳಿದಾರೆ, ಎಡಗೈ!" ಎಂದು ಕೂಗಿಕೊಂಡೆ. ಕೇಳಿಸಲಿಲ್ಲವೆಂಬಂತೆ ನನ್ನ ಕಡೆ ನೋಡಿ, ಬಲಗೈಯಿಂದ, ಅರ್ಧ ತುಂಬಿದ ಡಬ್ಬವನ್ನು ನಿಧಾನವಾಗಿ ತಲೆಯೆತ್ತರಕ್ಕೆ ಎತ್ತಿದಳು.